ಸೀಬೆಹಣ್ಣು ಕಚ್ಚಿದ್ದು ಯಾರು?

ಬಸವನಗುಡಿಯ ಚಕ್ರಪಾಣಿಯವರ ಮನೆ ಮುಂದೆ ಒಂದು ಸೀಬೆ ಮರವಿದೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವ ಅಧಿಕಾರವೆಲ್ಲ ಆ ಮರದ ಮೇಲೆಯೇ. ಕೀಳುವವರೂ ಅವರೇ, ಹಂಚುವವರೂ ಅವರೇ. ಸಾಧಾರಣ ಪರಿಚಯದವರಿಗೆ ಇಡೀ ಹಣ್ಣು. ತೀರಾ ಬೇಕಾದವರಿಗೆ ಮಾತ್ರ ಗಿಣಿ ಕಚ್ಚಿದ ಹಣ್ಣು. ಗಿಣಿ ಕಚ್ಚಿದ್ದೇ ಸಿಹಿ ಎಂಬುದು ಅವರ ಮನೆತನದ ನಂಬಿಕೆ. ಹೀಗಾಗಿ ಅರ್ಧ ತಿಂದ ಹಣ್ಣನ್ನು ಸನ್ಮಾನವೆಂದು ಸ್ವೀಕರಿಸಿದವರು ಆ ಬೀದಿಯಲ್ಲಿ ಅನೇಕರಿದ್ದಾರೆ.

ಭಾನುವಾರ ಬೆಳಿಗ್ಗೆ ಮೊಮ್ಮಗಳು ಧೃತಿ ತ್ಯಾಗರಾಜನಗರದಿಂದ ಬಂದಳು. ತಾತ ಅವಳಿಗೆಂದೇ ಕಿತ್ತು ತಂದ ಹಣ್ಣಿನ ಒಂದು ಕೆನ್ನೆ ಮಾಯವಾಗಿತ್ತು.

"ತಗೋ ಪುಟ್ಟೀ. ಗಿಣಿ ಟೇಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ಟಿದೆ."

ಧೃತಿ ಹಣ್ಣನ್ನು ಬಾಯಿಯ ಹತ್ತಿರ ಒಯ್ದಳು.

"ಏಯ್, ತಿನ್ಬೇಡ ಕಂದಾ!"

ಕೂಗಿದ್ದು ಪಕ್ಕದ ಮನೆಯ ಹೇಮಶ್ರೀ, ಸರ್ಕಾರಿ ಆಸ್ಪತ್ರೆಯ ನರ್ಸ್. ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪು ಹಿಡಿದೇ ಗೇಟು ತೆಗೆದು ಬಂದಳು.

"ಏನ್ ಅಂಕಲ್ ನೀವು, ಕಚ್ಚಿದ ಹಣ್ಣು ಮಗೂಗೆ ಕೊಡ್ತೀರಲ್ಲ!"

"ಗಿಣಿ ಕಣಮ್ಮ ಕಚ್ಚಿರೋದು."

"ನೋಡಿದ್ರಾ?"

"ನೋಡೋದೇನ್ ಬಂತು? ನಮ್ಮಪ್ಪನ ಕಾಲದಿಂದ ಗಿಣೀನೇ ಕಚ್ತಿರೋದು."

"ಬಾವಲಿನೂ ಇರಬಹುದಲ್ವಾ? ನಿಪಾ ಅಂತ ಒಂದು ವೈರಸ್ ಇದೆ ಅಂಕಲ್. ಹಣ್ಣು ತಿನ್ನೋ ಕೆಲವು ಬಾವಲಿಗಳ ಮೈಯಲ್ಲಿರತ್ತೆ, ಅವಕ್ಕೇನೂ ಆಗಲ್ಲ. ಅವುಗಳ ಎಂಜಲೋ ಮೂತ್ರವೋ ಬಿದ್ದ ಹಣ್ಣು ತಿಂದ್ರೆ ನಮಗೆ ದಾಟಬಹುದು. ಜ್ವರ, ತಲೆನೋವು ಅಂತ ಶುರುವಾಗಿ ಮಿದುಳಿಗೇ ಊತ ಬರಬಹುದು. ಜೀವಕ್ಕೇ ಅಪಾಯ. ಇದಕ್ಕಿನ್ನೂ ಲಸಿಕೆ ಸಿಗ್ತಿಲ್ಲ."

"ಅದೆಲ್ಲ ಕೇರಳದಲ್ಲಮ್ಮ. ಇದು ಬಸವನಗುಡಿ" ಎಂದರು ಚಕ್ರಪಾಣಿ, ಬಾವಲಿಗಳು ಪಿನ್‌ಕೋಡ್ ನೋಡಿಕೊಂಡು ಹಾರುತ್ತವೆ ಎಂಬ ವಿಶ್ವಾಸದಿಂದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಂಬುಜಮ್ಮ ಬಾಯಿ ಹಾಕಿದರು. "ದಿನಾ ಬೆಳಿಗ್ಗೆ ಮರದ ಕೆಳಗೆ ಅಗಿದು ಉಗಿದ ಹಣ್ಣಿನ ನಾರು ಬಿದ್ದಿರತ್ತೆ. ಗುಡಿಸೋಳು ನಾನು. ನಿಮ್ಮ ಗಿಣಿ ಎಲೆ ಅಡಿಕೆ ಹಾಕ್ಕೊಳತ್ತೇನ್ರೀ?"

ಅಷ್ಟರಲ್ಲಿ ಧೃತಿ ಕೇಳಿದಳು: "ತಾತ, ನಿನ್ನೆ ಕತ್ತಲಾಗೋ ಹೊತ್ತಿಗೆ ವಿಡಿಯೋ ಕಾಲ್‌ನಲ್ಲಿ ಮರದಲ್ಲಿದ್ದ ಇದೇ ಹಣ್ಣು ತೋರಿಸಿದ್ರಲ್ಲ, ಆಗ ಪೂರ್ತಿ ಇತ್ತು. ಗಿಣಿ ರಾತ್ರಿ ಮಲಗಲ್ವಾ?"

ಸಹಿ ತಾಳೆಯಾಗದ ಚೆಕ್ಕನ್ನು ನೋಡುವಂತೆ ಚಕ್ರಪಾಣಿ ಹಣ್ಣನ್ನೇ ನೋಡಿದರು. ಆಮೇಲೆ ಮೊಮ್ಮಗಳ ಮುಖ ನೋಡಿದರು. ಅವಳ ಕೈಯಿಂದ ಹಣ್ಣು ತೆಗೆದುಕೊಂಡರು.

"ಹಾಗಾದ್ರೆ ಮರ ಕಡಿಸ್ಬೇಕಾ?"

"ಅಯ್ಯೋ, ಮರ ಏನ್ ಮಾಡ್ತು ಅಂಕಲ್? ಎಲ್ಲ ಬಾವಲೀಲೂ ವೈರಸ್ ಇರಲ್ಲ, ಗಾಬರಿ ಬೇಡ. ಅವನ್ನ ಓಡಿಸೋಕೂ ಹೋಗ್ಬೇಡಿ. ಗಿಣಿ, ಅಳಿಲು, ಬಾವಲಿ, ಯಾರೇ ಕಚ್ಚಿರಲಿ, ಆ ಹಣ್ಣು ತಿನ್ಬೇಡಿ. ಕಚ್ಚಿದ ಭಾಗ ಮಾತ್ರ ಕೊಯ್ದು ಮಿಕ್ಕಿದ್ದು ತಿನ್ನೋ ಜಾಣತನಾನೂ ಬೇಡ. ಗ್ಲೌಸ್ ಹಾಕ್ಕೊಂಡು ಎತ್ತಿ ಬಿಸಾಕಿ. ಚೆನ್ನಾಗಿರೋದನ್ನ ತೊಳೆದು ಸಿಪ್ಪೆ ತೆಗೆದು ತಿನ್ನಿ. ಮರದಲ್ಲಿರೋದಕ್ಕೆ ಬಟ್ಟೆ ಚೀಲ ಕಟ್ಟಿ. ಈಗ ಮೊದಲು ಇಬ್ರೂ ಹೋಗಿ ಸೋಪಲ್ಲಿ ಕೈ ತೊಳ್ಕೊಳ್ಳಿ."

"ಅಷ್ಟೊಂದು ಬಟ್ಟೆಗೆ ಎಲ್ಲಿಗೆ ಹೋಗೋಣ?"

ಅಂಬುಜಮ್ಮನ ಮುಖ ಅರಳಿತು. ಒಳಗೆ ಹೋಗಿ ಬೀರುವಿನಿಂದ ಬ್ಲೌಸ್ ಪೀಸುಗಳ ಗಂಟನ್ನೇ ಹೊತ್ತು ತಂದರು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟಿದ್ದು. ಯಾರೂ ಹೊಲಿಸದೆ, ಮನೆಯಿಂದ ಮನೆಗೆ ಪ್ರಯಾಣ ಮಾಡುವುದನ್ನೇ ವೃತ್ತಿ ಮಾಡಿಕೊಂಡ ಬಟ್ಟೆಗಳು.

"ಈ ಗಿಳಿಹಸಿರಿಂದು ನೋಡು, ನಾನೇ ಕೊಟ್ಟಿದ್ದು. ಬೀದಿಯೆಲ್ಲ ಸುತ್ತಿ ನನಗೇ ವಾಪಸ್ ಬಂತು. ಇವತ್ತು ಇದರ ಸಂಚಾರ ಮುಗೀತು!"

ಸಂಜೆಯ ಹೊತ್ತಿಗೆ ಮರದ ತುಂಬ ಬಣ್ಣಬಣ್ಣದ ಪುಟ್ಟ ಚೀಲಗಳು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಹರಕೆಯ ಮರವೆಂದುಕೊಂಡು ಚಪ್ಪಲಿ ಬಿಟ್ಟು ಕೈ ಮುಗಿದರು.

"ದೇವರಲ್ಲ ಸ್ವಾಮೀ, ಬಾವಲಿ" ಎಂದು ಚಕ್ರಪಾಣಿ ಅವರನ್ನು ನಿಲ್ಲಿಸಿಕೊಂಡರು. ಬೆಳಿಗ್ಗೆ ತಾವು ಕೇಳಿದ್ದನ್ನೆಲ್ಲ, ಹುಟ್ಟಿದಾಗಿನಿಂದ ಬಲ್ಲವರಂತೆ ವಿವರಿಸಿದರು. ಕೇಳಿಸಿಕೊಂಡವರಿಗೆ ಒಂದು ಹಣ್ಣೂ ಸಿಕ್ಕಿತು. ಇಡೀ ಹಣ್ಣು.

ನಿಮ್ಮ ಮನೆಯಲ್ಲೂ ಸೀಬೆಯೋ ಮಾವೋ ಸಪೋಟವೋ ಇದ್ದರೆ, ಹಣ್ಣನ್ನು ಬಾಯಿಗಿಡುವ ಮುನ್ನ ಒಮ್ಮೆ ತಿರುಗಿಸಿ ನೋಡಿ. ಹಲ್ಲಿನ ಗುರುತಿದ್ದರೆ, ಗೀರಿದ್ದರೆ ಆಸೆ ಬಿಡಿ. ಯಾರಿಗಾದರೂ ಜ್ವರದ ಜೊತೆ ಜೋರು ತಲೆನೋವು, ಮಂಪರು, ತಡವರಿಕೆ, ಫಿಟ್ಸ್ ಅಥವಾ ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಪಾ ರೋಗಿಯಿಂದ ಆರೈಕೆ ಮಾಡುವವರಿಗೂ ದಾಟಬಲ್ಲದು. ಜೊತೆಗಿರುವವರು ಮಾಸ್ಕ್ ಹಾಕಿ, ಮತ್ತೆ ಮತ್ತೆ ಕೈ ತೊಳೆಯಿರಿ. ಬಾವಲಿಗಳನ್ನು ಅವುಗಳ ಪಾಡಿಗೆ ಬಿಡಿ.

ನೀವು ತಿನ್ನುವ ಹಣ್ಣನ್ನು ಮೊದಲು ಕಚ್ಚುವ ಬಾಯಿ ನಿಮ್ಮದೇ ಆಗಿರಲಿ.