ಏಳನೇ ಮಹಡಿಗೇರಿದ ಬೆಳವಣಿಗೆ

ದೇಶದ ಆರ್ಥಿಕತೆಯನ್ನು ಒಂದೇ ಕೈಯಲ್ಲಿ ಏಳನೇ ಮಹಡಿಯವರೆಗೆ ಎತ್ತಿದವನು ನಾನು. ಇನ್ನೊಂದು ಕೈಯಲ್ಲಿ ಟೀ ಲೋಟ ಇತ್ತು, ಒಂದು ತೊಟ್ಟೂ ಚೆಲ್ಲಲಿಲ್ಲ. ದೊಡ್ಡ ದೊಡ್ಡ ಓದು ಓದಿದವರು ಮೂವತ್ತು ವರ್ಷ ತಲೆ ಕೆಡಿಸಿಕೊಂಡರೂ ಅಲ್ಲಾಡಿಸಲಾಗದ್ದನ್ನು ನಾನು ನಾಲ್ಕಿಂಚಿನ ಬ್ರಷ್ಷಿನಿಂದ ಆರೇ ದಿನದಲ್ಲಿ ಮೇಲೆತ್ತಿದೆ. ಏಳನೆಯ ದಿನ ಅದು ದಬಕ್ಕನೆ ನೆಲಕ್ಕಿಳಿಯಿತು ಅನ್ನುವುದೂ ನಿಜ. ಅದು ಅತ್ತೆಯ ಕೆಲಸ.

ನಾನು ಗೋಡೆಗಳ ಮೇಲೆ ಬರೆಯುವ ಪೇಂಟರ್. ನಾನೆಳೆದ ಗೆರೆ ನೋಡಿ ಸ್ಕೇಲುಗಳು ತಮ್ಮನ್ನು ತಿದ್ದಿಕೊಳ್ಳುತ್ತವೆ. ಹೋದ ಚುನಾವಣೆಯಲ್ಲಿ ದುಡಿಯುವವರ ಪಕ್ಷಕ್ಕಾಗಿ ನಾಲ್ಕು ಸಾವಿರ ಗೋಡೆಗಳ ಮೇಲೆ ‘ಎಲ್ಲರಿಗೂ ಪಾಲು, ಎಲ್ಲ ಕಟ್ಟಡಕ್ಕೂ ಲಿಫ್ಟ್’ ಎಂದು ಬರೆದೆ. ಎರಡು ಕಡೆ ಗೋಡೆಯನ್ನೇ ಕಟ್ಟಿರಲಿಲ್ಲ. ನಾನು ಬರೆದು ಮುಗಿಸಿದ ಮೇಲೆ ಅಕ್ಷರದ ಹಿಂದೆ ಇಟ್ಟಿಗೆ ಇಟ್ಟರು. ಪಕ್ಷ ಗೆದ್ದಿತು. ನನ್ನ ಅಕ್ಷರ ನೋಡಿಯೇ ಗೆದ್ದಿತು ಅಂತ ಬೇರೆ ಹೇಳಬೇಕೆ?

ನಾವಿರುವುದು ಸರ್ಕಾರವೇ ಕಟ್ಟಿಸಿದ ಏಳು ಮಹಡಿಯ ಕಟ್ಟಡದ ತುತ್ತತುದಿಯಲ್ಲಿ. ಹೆಸರಿಗೆ ಲಿಫ್ಟ್ ಇದೆ, ಒಂದು ದಿನವೂ ಓಡಿಲ್ಲ. ಕೆಳಗಿನ ಮನೆಯವರು ಅದರೊಳಗೆ ಸೈಕಲ್ ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತಾರೆ. ಅತ್ತೆಗೆ ಮಂಡಿ ಹಿಡಿದುಕೊಂಡು ಹತ್ತು ತಿಂಗಳಾಗಿತ್ತು, ಆ ಹತ್ತು ತಿಂಗಳೂ ಅವರ ಕಾಲು ನೆಲ ಕಂಡಿರಲಿಲ್ಲ. ರಸ್ತೆಯ ಆಚೆ ಬದಿಯ ಕೆಳಮನೆಯಲ್ಲಿ ಅವರ ತಂಗಿ, ನಮ್ಮ ಚಿಕ್ಕತ್ತೆ. ಐವತ್ತು ವರ್ಷದಿಂದ ಸಂಜೆಯಾದರೆ ಇಬ್ಬರೂ ಎದುರುಬದುರು ಕೂತು ಇಸ್ಪೀಟು ಆಡಬೇಕು. ಈಗ ಅತ್ತೆ ಕಿಟಕಿಯಿಂದ, ಚಿಕ್ಕತ್ತೆ ಬಾಗಿಲ ಮೆಟ್ಟಿಲಿಂದ, ಕೂಗಿಕೊಂಡೇ ಆಡುತ್ತಿದ್ದರು.

“ರಾಣಿ ಹಾಕಿದೀನಿ ಕಣೇ!”

“ಹಾಕಕ್ಕಾ, ಹಾಕು! ನನ್ನ ಹತ್ರ ರಾಜ ಇದಾನೆ!”

“ನಿನ್ನೆಯಿಂದ ಎಷ್ಟು ರಾಜರೇ ನಿನ್ನ ಹತ್ರ? ಆರು ಲೆಕ್ಕ ಹಾಕಿದೀನಿ!”

ಕೆಳಗೆ ಕ್ಷೌರದಂಗಡಿಯಾತ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಇಣುಕಿ ನೋಡಿ ಕೂಗುತ್ತಿದ್ದ: “ಅಮ್ಮಾ, ಅದು ರಾಜ ಅಲ್ಲ, ಗುಲಾಮ!”

“ನಿನ್ನ ಗಿರಾಕಿ ಕಿವಿ ನೋಡ್ಕೋ ಹೋಗಯ್ಯ!” ಎಂದು ಚಿಕ್ಕತ್ತೆ ಗದರುತ್ತಿದ್ದರು.

ಹತ್ತು ತಿಂಗಳಲ್ಲಿ ಅತ್ತೆ ಒಂದಾಟವನ್ನೂ ಗೆದ್ದಿರಲಿಲ್ಲ. “ಬೇರೇನೂ ಬೇಡ ಅಳಿಯಂದ್ರೇ, ಒಂದೇ ಒಂದ್ಸಲ ಅವಳ ಎದುರಿಗೆ ಕೂತು, ಅವಳ ಕೈಲಿರೋ ಎಲೆ ಕಣ್ಣಾರೆ ನೋಡ್ಬೇಕು” ಅನ್ನುತ್ತಿದ್ದರು.

ಲಿಫ್ಟ್ ಕೇಳಿದರೆ ವಸತಿ ಕಚೇರಿಯವರು ಗೋಡೆಯ ಮೇಲಿನ ಹೊಸ ಘೋಷಣೆ ತೋರಿಸುತ್ತಿದ್ದರು: ‘ಮೊದಲು ಬೆಳೆಯೋಣ, ಆಮೇಲೆ ಹಂಚೋಣ.’ ದೇಶದ ಆರ್ಥಿಕ ಬೆಳವಣಿಗೆ ಶೇಕಡ ಮೂರು ದಾಟಲಿ ಎಂದರು, ದಾಟಿತು. ಮೂರೂವರೆ ಎಂದರು, ಅದೂ ಆಯಿತು. ಈಗ ನಾಲ್ಕಂತೆ. ಬೀದಿಯಲ್ಲಿ ಯಾರಿಗೂ ಅದರ ಮುಖದರ್ಶನ ಆಗಿರಲಿಲ್ಲ. “ನನ್ನ ಅಂಗಡೀಲಿ ಬೆಳೀತಿರೋದು ಬರೀ ಕೂದಲು” ಎಂದು ಕ್ಷೌರದಂಗಡಿಯಾತ ಹಲುಬುತ್ತಿದ್ದ. “ಈ ತಿಂಗಳು ಎಡಗಡೆ ಕತ್ತರಿಸು, ಮುಂದಿನ ತಿಂಗಳು ಬಲಗಡೆ ಅಂತಾರೆ.”

ನಾನು ಸುಮ್ಮನಿರುವ ಗಂಡಸೇ? “ಅತ್ತೆ, ಚಿಂತೆ ಬಿಡಿ. ಬೆಳವಣಿಗೆ ಮಂತ್ರಿಗಳು ನನ್ನ ಹೆಗಲ ಮೇಲೆ ಕೈ ಹಾಕಿ ಮಾತಾಡೋರು. ಮುಂದಿನ ಸೋಮವಾರ ಲಿಫ್ಟ್ ಬಂತು ಅಂತಲೇ ತಿಳ್ಕೊಳ್ಳಿ” ಅಂದೆ. ಪ್ರತಿ ವಾರವೂ ಅಂದೆ. ಪ್ರತಿ ಸೋಮವಾರ ಅತ್ತೆ ಚಪ್ಪಲಿ ಮೆಟ್ಟಿ, ಇಸ್ಪೀಟಿನ ಕಟ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಬಾಗಿಲ ಬಳಿ ಕೂರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಬಿಚ್ಚುತ್ತಿದ್ದರು.

ಇತ್ತ ಬೆಳವಣಿಗೆ ಕಾಣುತ್ತಿಲ್ಲ ಎಂಬ ಜನರ ಗೊಣಗಾಟ ಸರ್ಕಾರದ ಕಿವಿಗೂ ಬಿತ್ತು. ಕಾಣದಿದ್ದರೆ ತೋರಿಸಿಬಿಡೋಣ ಎಂದು ಅವರು ತೀರ್ಮಾನಿಸಿದರು. ನಮ್ಮದೇ ಕಟ್ಟಡದ ಪಕ್ಕದ ಗೋಡೆಯ ಮೇಲೆ, ನೆಲದಿಂದ ಏಳನೇ ಮಹಡಿಯವರೆಗೆ, ಕೆಂಪು ಬಣ್ಣದಲ್ಲಿ ಬೆಳವಣಿಗೆಯ ಗೆರೆ! ತುದಿಯಲ್ಲಿ ಬಾಣ! ಇಂಥ ಕೆಲಸಕ್ಕೆ ನನ್ನನ್ನು ಬಿಟ್ಟು ಯಾರನ್ನು ಕರೆದಾರು? ಮೇಲಿನ ರಾಟೆಗೆ ಹಗ್ಗ ಹಾಕಿ, ಹಲಗೆ ಕಟ್ಟಿ, ಕೆಳಗೆ ತಿರುಗಿಸುವ ಗಾಲಿಯನ್ನು ಕ್ಷೌರದಂಗಡಿಯಾತನ ಕೈಗೆ ಕೊಟ್ಟು ಶುರುಮಾಡಿದೆ. ಹೆಂಡತಿಯೂ ಪೇಂಟರೇ, ಆದರೆ ನನ್ನ ಮುಂದೆ ಅವಳದೇನು, ಬಣ್ಣ ಕಲಸಿಕೊಟ್ಟಳು ಅಷ್ಟೆ. ದಿನಕ್ಕೊಂದು ಮಹಡಿಗಿಂತ ತುಸು ಹೆಚ್ಚೇ ಗೆರೆ ಏರಿತು. ಎತ್ತರದಲ್ಲಿ ಹದ್ದುಗಳು ನನ್ನ ಬ್ರಷ್ಷಿಗೆ ದಾರಿ ಬಿಟ್ಟು ಹಾರುತ್ತಿದ್ದವು.

ಆರನೆಯ ದಿನ ಗೆರೆ ತಮ್ಮ ಕಿಟಕಿಯ ಪಕ್ಕ ಬಂದದ್ದನ್ನು ಅತ್ತೆ ಬಹಳ ಹೊತ್ತು ನೋಡಿದರು.

“ಇದಕ್ಕೆ ಮಂಡಿನೋವಿಲ್ವಾ? ಲಿಫ್ಟಿಲ್ದೆ ಹೇಗೆ ಹತ್ತಿ ಬಂತು?”

“ಅದು ದೇಶದ ಬೆಳವಣಿಗೆ, ಅತ್ತೆ.”

“ಬಂದದ್ದು ಬಂತು, ಒಳಗೆ ಬಂದು ಒಂದು ಲೋಟ ನೀರಾದ್ರೂ ಕುಡಿದು ಹೋಗೋಕೆ ಹೇಳಿ” ಎಂದು ಕಿಟಕಿ ಮುಚ್ಚಿದರು. ಮರುಗಳಿಗೆ ತೆರೆದರು. ಗೆರೆಯನ್ನಲ್ಲ, ಹಲಗೆಯನ್ನು ನೋಡಿದರು. “ಎಷ್ಟು ಭಾರ ತಡೆಯತ್ತೆ ಇದು?”

“ಆನೆ ಕೂತರೂ ಅಲ್ಲಾಡಲ್ಲ!” ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವೇ ಇಲ್ಲ.

ಏಳನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮಂತ್ರಿಗಳು ಬಂದರು. ಕೆಳಗೆ ವೇದಿಕೆ, ಮೇಜು, ನೆಲದವರೆಗೆ ಇಳಿಬಿಟ್ಟ ಮೇಜಿನ ಬಟ್ಟೆ, ಮೈಕು. ಲಕ್ಷ ಜನ. ಮೇಲೆ ಹಲಗೆಯ ಮೇಲೆ ಒಂಟಿಕಾಲಿನಲ್ಲಿ ನಿಂತು ನಾನು ಬಾಣದ ತುದಿಗೆ ಕೊನೆಯ ಕೆಂಪು ಹಚ್ಚುತ್ತಿದ್ದೆ. ಮಂತ್ರಿಗಳು ಕೈಯೆತ್ತಿ, “ಬಂಧುಗಳೇ, ಮೇಲೇರಿದ್ದು ಒಂದಲ್ಲ ಒಂದು ದಿನ ನಿಮ್ಮ ಮನೆ ಬಾಗಿಲಿಗೇ ಇಳಿದು ಬರುತ್ತದೆ!” ಎಂದರು.

ಅಷ್ಟರಲ್ಲಿ ಕಿಟಕಿ ತೆರೆಯಿತು. ಮೊದಲು ಕೈಚೀಲ ಬಂತು, ಆಮೇಲೆ ಚಪ್ಪಲಿ ಹಾಕಿದ ಕಾಲು, ಆಮೇಲೆ ಇಡೀ ಅತ್ತೆ. ನಾನು ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿಕೊಂಡು ಅವರನ್ನು ಹೂವಿನಂತೆ ಎತ್ತಿ ಹಲಗೆಯ ಮೇಲೆ ಕೂರಿಸಿದೆ. “ಬಿಡಪ್ಪಾ ಗಾಲಿ!” ಎಂದು ಅತ್ತೆ ಕೂಗಿದರು. ಹಲಗೆ ಇಳಿಯಿತು. ಅತ್ತೆಯ ಬೆನ್ನು ಬಾಣದ ಹಸಿ ಬಣ್ಣಕ್ಕೆ ಒತ್ತಿಕೊಂಡೇ ಇಳಿಯಿತು. ಏಳನೇ ಮಹಡಿಯಿಂದ ಕೆಳಕ್ಕೆ ಗೋಡೆಯುದ್ದಕ್ಕೂ ಅಗಲವಾದ ಕೆಂಪು ಪಟ್ಟೆ ಬಿತ್ತು. ಆರು ದಿನ ಏರಿದ ಬೆಳವಣಿಗೆ ಎರಡು ನಿಮಿಷದಲ್ಲಿ ನೆಲಸಮ.

ಜನ ಶಿಳ್ಳೆ ಹೊಡೆದರು. ಮಂತ್ರಿಗಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, “ನೋಡಿದಿರಾ! ಇಳಿದು ಬಂತು! ಇದೇ ಹಂಚಿಕೆ!” ಎಂದು ತಾವೇ ಚಪ್ಪಾಳೆ ತಟ್ಟಿದರು.

“ಹಂಗಾದ್ರೆ ಮುಂದಿನ ಪಾಳಿ ನಂದು!” ಎಂದು ಐದನೇ ಮಹಡಿಯಿಂದ ಒಬ್ಬಾಕೆ ಹೊಲಿಗೆ ಯಂತ್ರ ಹೊತ್ತು ಕಿಟಕಿಗೆ ಬಂದಳು. ಆರನೇ ಮಹಡಿಯಾತ ಮಂಚದ ಕಾಲು ಹೊರಗೆ ಚಾಚಿದ. “ಒಬ್ಬೊಬ್ರೇ ಬನ್ರಪ್ಪಾ!” ಎಂದು ಕ್ಷೌರದಂಗಡಿಯಾತ ಬೆವರೊರೆಸಿಕೊಂಡ.

ಅತ್ತೆ ಬೆನ್ನೆಲ್ಲ ಕೆಂಪಾಗಿ ನೇರ ವೇದಿಕೆಗೆ ನಡೆದರು. “ಸ್ವಾಮಿ, ಲಿಫ್ಟ್ ಯಾವಾಗ?”

“ಬೆಳವಣಿಗೆ ನಾಲ್ಕು ದಾಟಿದ ಕೂಡಲೇ, ತಾಯಿ.”

“ಮುಂದಿನ ಸೋಮವಾರ ಅಂತ ನೀವೇ ನನ್ನ ಅಳಿಯಂದ್ರಿಗೆ ಹೇಳಿದ್ರಂತೆ? ಹತ್ತು ತಿಂಗಳಿಂದ ಹೇಳ್ತಿದೀರಂತೆ? ಅವರ ಹೆಗಲ ಮೇಲೆ ಕೈ ಹಾಕ್ಕೊಂಡೇ ಮಾತಾಡ್ತೀರಂತಲ್ಲ?”

“ಯಾವ ಅಳಿಯ?” ಎಂದರು ಮಂತ್ರಿಗಳು.

“ಇಲ್ಲೇ ಇದಾರಲ್ಲ, ನಿಮ್ಮ ಮೇಜಿನ ಕೆಳಗೆ” ಎಂದು ಅತ್ತೆ ಬಟ್ಟೆ ಎತ್ತಿದರು.

ಹೌದು. ಕಿಟಕಿಯಿಂದ ಅತ್ತೆಯ ಕಾಲು ಹೊರಬಂದಾಗಲೇ ನಾನು ಮೇಜಿನ ಕೆಳಗೆ ನುಸುಳಿದ್ದೆ, ಎರಡೂ ಕಣ್ಣು ಮುಚ್ಚಿಕೊಂಡು. ಒಂದು ಕಣ್ಣು ತೆರೆದು ನೋಡಿದರೆ ಅತ್ತೆಯ ಪಕ್ಕದಲ್ಲಿ ನನ್ನ ಹೆಂಡತಿ, ಕೈಯಲ್ಲಿ ಬ್ರಷ್ಷು. “ರೀ, ಹೇಳಿಬಿಡಿ ಈಗ” ಅಂದಳು.

ಹಲಗೆಯ ಮೇಲೆ ಇದ್ದವಳು ಅವಳು. ತಾಯಿಯನ್ನು ಹಿಡಿದು ಕೂರಿಸಿದವಳೂ ಅವಳೇ. ಸ್ಟೂಲು ಹತ್ತಿದರೂ ನನಗೆ ತಲೆ ಸುತ್ತುತ್ತದೆ. ನೆಲದ ಮೇಲೆ ನಿಂತು ನನ್ನ ಕೈಗೆಟುಕಿದ್ದರಿಂದ ಮೇಲಕ್ಕೆ ಗೆರೆಯೆಲ್ಲ ಅವಳದು, ಬಣ್ಣ ಕಲಸಿದ್ದು ನಾನು. ಮಂತ್ರಿಗಳು ನನ್ನೊಡನೆ ಒಮ್ಮೆ ಮಾತಾಡಿದ್ದುಂಟು, “ಏಣಿ ಆಚೆ ಇಡಯ್ಯ” ಎಂದು. ಶೇಕಡ ಎಷ್ಟೇ ದಾಟಿದರೂ ಲಿಫ್ಟ್ ಆಗದ ಮಾತು ಎಂದು ಕಚೇರಿಯವರು ಮೊದಲ ತಿಂಗಳೇ ನನ್ನೊಬ್ಬನಿಗೆ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಅದನ್ನು ಮನೆಗೆ ಬಂದು ಹೇಳಲು ನಾಲಿಗೆ ಏಳಲಿಲ್ಲ. ಆ ಪಕ್ಷಕ್ಕೆ ಓಟು ಹಾಕಿ ಎಂದು ಅತ್ತೆಯ ಕೈಹಿಡಿದು ಕರೆದುಕೊಂಡು ಹೋದವನು ನಾನೇ ಅಲ್ಲವೇ.

ಮೇಜಿನ ಕೆಳಗಿಂದ ಮಂಡಿಯೂರಿ ಹೊರಗೆ ಬಂದೆ. ಮೈಕು ಇನ್ನೂ ಚಾಲೂ ಇತ್ತು, ಬೀದಿಗೆಲ್ಲ ಕೇಳಿಸಿತು.

“ಲಿಫ್ಟ್ ಬರಲ್ಲ ಅತ್ತೆ,” ಅಂದೆ. “ನನಗೆ ಮೊದಲೇ ಗೊತ್ತಿತ್ತು.”