ಕೆಮ್ಮದೆ ನಿಂತ ಪುಯ್ಯಾಪ್ಲ

ಎಣ್ಣೆ, ಬಿಸಿ ಮಾಡಿದ ತೆಂಗಿನೆಣ್ಣೆ, ಅದರಲ್ಲಿ ಯಾವುದೋ ಎಲೆ ಬಾಡಿದ ವಾಸನೆ, ತುಳಸಿಯೋ ವೀಳ್ಯದೆಲೆಯೋ, ಈ ವಾಸನೆ ಮಗುವಿನ ನೆತ್ತಿಯಲ್ಲಿ ದಿನಾ ಸಂಜೆ ಸಿಗುತ್ತದೆ, ಆರಿದ್ದು, ಪೌಡರಿನ ಅಡಿಗೆ ಅಡಗಿಕೊಂಡದ್ದು, ಹೀಗೆ ಬಿಸಿಬಿಸಿಯಾಗಿ ಮೂಗಿಗೆ ಬಡಿದದ್ದು ಇವತ್ತೇ ಮೊದಲು — ಜಂಶೀದ್ ಹೆಂಡತಿಯ ಮನೆಯ ನಡುಮನೆಯಲ್ಲಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟವನು ಹಾಗೇ ನಿಂತುಬಿಟ್ಟ. ಅಡಿಗೆಮನೆಯ ಆಚೆ, ಬಾವಿಕಟ್ಟೆಯ ಕಲ್ಲುಹಾಸಿನ ಕಡೆಯಿಂದ, ಮೂರು ಹೆಂಗಸರ ನಗು, ಮೂವರದೂ ಗೊತ್ತಿರುವ ಗಂಟಲೇ, ಆದರೆ ಆ ಗಂಟಲುಗಳಲ್ಲಿ ಇಂಥ ನಗು ಇದೆ ಅಂತ ಯಾರು ಕಂಡಿದ್ದರು, ಮತ್ತೆ ಅದರ ನಡುವೆ ಇನ್ನೊಂದು, ಉಸಿರು ಸಿಕ್ಕಿಕೊಂಡು ಬಿಡಿಸಿಕೊಂಡು ಮತ್ತೆ ಸಿಕ್ಕಿಕೊಳ್ಳುವ ಒಂದು ಕೇಕೆ, ಅದು ಹಿಬಾಳದೇ? ತನ್ನ ಮಗಳಿಗೆ ಹೀಗೂ ನಗಲು ಬರುತ್ತದೆಯೇ? ಗಂಟಲಲ್ಲಿ ಕೆಮ್ಮು ಆಗಲೇ ತಯಾರಾಗಿ ಕೂತಿತ್ತು, ಈ ಜಾಗಕ್ಕೆ ಬಂದರೆ ಅದು ತಾನೇ ಬರುತ್ತದೆ, ಅವನು ಅದನ್ನು ತುಟಿ ಕಚ್ಚಿ ನುಂಗಿದ. ಗಲ್ಲಿಯ ಬಾಯಿಗೆ ಮರಳಿನ ಲಾರಿ ಅಡ್ಡ ನಿಂತಿರದಿದ್ದರೆ ಸ್ಕೂಟರು ಅಂಗಳದವರೆಗೆ ಬರುತ್ತಿತ್ತು, ಸದ್ದಿಗೆ ಇಷ್ಟು ಹೊತ್ತಿಗೆ ಎಲ್ಲ ನಿಂತುಹೋಗಿರುತ್ತಿತ್ತು. ಕ್ಯಾಮೆರಾದ ಬ್ಯಾಟರಿ ಮರೆತು ವಾಪಸ್ ಬಂದವನು ನಡೆದೇ ಬಂದಿದ್ದ, ಚಪ್ಪಲಿ ಹೊರಗೆ ಬಿಟ್ಟಿದ್ದ, ದಿಂಬಿನಡಿಯ ಬ್ಯಾಟರಿ ತೆಗೆದು ಕೊರಳಲ್ಲಿದ್ದ ಕ್ಯಾಮೆರಾಕ್ಕೆ ಹಾಕಿಕೊಂಡೂ ಆಗಿತ್ತು. ಪುಯ್ಯಾಪ್ಲ ಮನೆಯೊಳಗಿದ್ದಾನೆಂದು ಯಾರಿಗೂ ಗೊತ್ತಿಲ್ಲ.

ಪುಯ್ಯಾಪ್ಲ ಅಂದರೆ ಹೊಸ ಮದುಮಗ, ತಲಶ್ಶೇರಿಯ ಈ ಮನೆಗಳಲ್ಲಿ ಹೆಣ್ಣುಮಕ್ಕಳು ಹುಟ್ಟಿದ ಮನೆ ಬಿಡುವುದಿಲ್ಲ, ಗಂಡನೇ ಬರುತ್ತಾನೆ, ಬಂದವನಿಗೆ ಒಂದು ಕೋಣೆ, ಕೆತ್ತನೆಯ ಮಂಚ, ಮದುವೆಯಾಗಿ ಮೂರು ವರ್ಷವಾಗಲಿ ಮೂವತ್ತಾಗಲಿ ಅವನು ಹೊಸ ಮದುಮಗನೇ, ಹೊಸತನ ಹಳಸುವುದೇ ಇಲ್ಲ, ಸಾಯುವಾಗಲೂ ಅತಿಥಿಯಾಗಿಯೇ ಸಾಯಬೇಕು. ಊಟಕ್ಕೆ ಒಬ್ಬನೇ ಮೇಜಿಗೆ ಕೂರಬೇಕು, ಏಳು ಮುಚ್ಚಿದ ತಟ್ಟೆ, ಕದದ ಹಿಂದೆ ಅತ್ತೆ ಕುಂಞಾಮಿನ ನಿಂತು ಎಷ್ಟು ಅಕ್ಕಿಹಿಟ್ಟಿನ ಪತ್ತಿರಿ ಇಳಿಯಿತು ಅಂತ ನೋಡುತ್ತಾಳೆ, ಎದುರು ಬಂದು ಬಡಿಸುವುದಿಲ್ಲ, ನೇರ ಮಾತಾಡುವುದಿಲ್ಲ, ಮಗಳೇ, ಪುಯ್ಯಾಪ್ಲನಿಗೆ ಮೀನು ಸೇರಲಿಲ್ಲವಾ ಕೇಳು, ಅವನು ಅಲ್ಲೇ ಇರುತ್ತಾನೆ, ಎರಡು ಮಾರು ದೂರದಲ್ಲಿ, ಬಾಯಿ ತುಂಬ ಮೀನು. ನಡುಮನೆ ದಾಟುವ ಮೊದಲು ಕೆಮ್ಮಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ, ಈಜು ಬರುವ ಹಾಗೆ ಬಂದುಬಿಟ್ಟಿತು, ಎರಡು ಸಣ್ಣ ಒಂದು ಉದ್ದ, ಕೆಮ್ಮಿದ ಕೂಡಲೇ ಒಳಗೆ ತಲೆಬಟ್ಟೆಗಳ ಸರಬರ, ಪಾತ್ರೆ ಸರಿಸುವ ಸದ್ದು, ಆಮೇಲೆ ಎಲ್ಲ ಸರಿಯಾಗಿರುತ್ತದೆ, ತೀರಾ ಸರಿಯಾಗಿ. ಮಗುವೂ ಹಾಗೆಯೇ. ಹುಟ್ಟಿ ಏಳು ತಿಂಗಳಲ್ಲಿ ಅವಳನ್ನು ಅವನ ಕೈಗೆ ಕೊಟ್ಟದ್ದೆಲ್ಲ ಸಿಂಗರಿಸಿಯೇ, ಸ್ನಾನವಾಗಿ, ಕಣ್ಣಿಗೆ ಸುರ್ಮ ಹಚ್ಚಿ, ಜರಿಯಂಗಿ ತೊಡಿಸಿ, ಅವಳು ಮಿಕಮಿಕ ನೋಡುತ್ತಾಳೆ, ಒದ್ದೆ ಮಾಡಿದರೆ ತಕ್ಷಣ ಯಾರೋ ಕೈಯಿಂದ ಎತ್ತಿಕೊಂಡು ಹೋಗುತ್ತಾರೆ, ಅಯ್ಯೋ ಪುಯ್ಯಾಪ್ಲನ ಅಂಗಿ. ನಿನ್ನೆ ಹೆಂಡತಿ ರಂಸೀನ ಅವನ ಫೋನಿನಲ್ಲಿದ್ದ ಮಗಳ ಚಿತ್ರಗಳನ್ನೆಲ್ಲ ಬೆರಳಿನಿಂದ ತಳ್ಳಿ ತಳ್ಳಿ ನೋಡಿ, ಎಲ್ಲದರಲ್ಲೂ ಮದುಮಗಳ ಹಾಗೇ ಕೂತಿದಾಳಲ್ಲ ಇಕ್ಕ, ಇವಳೂ ನಿಮ್ಮ ಗಿರಾಕಿನಾ ಅಂದಳು, ನಗುತ್ತಲೇ ಅಂದಳು. ಆ ಮಾತು ಚಪಾತಿ ಹಿಟ್ಟಿನ ಹಾಗೆ ಬೆರಳಿಗೆ ಅಂಟಿಕೊಂಡಿದೆ, ಉಜ್ಜಿದರೂ ಹೋಗುತ್ತಿಲ್ಲ.

ಅಂದದ್ದರಲ್ಲಿ ಸುಳ್ಳೇನಿದೆ, ಫೋಟೋದವನಾಗಿ ಊರವರ ಮನೆಗೆಲ್ಲ ಹೋಗಿ ತೆಗೆಯುವುದು ಸಿಂಗಾರವಿಲ್ಲದ ಚಿತ್ರಗಳನ್ನೇ ಅಲ್ಲವೇ, ಈಗೀಗ ಎಳೆ ಮಗುವಿನ ಅಪ್ಪ ಅಮ್ಮಂದಿರಿಗೆ ಹೂವಿನ ಬುಟ್ಟಿಯಲ್ಲಿ ಮಲಗಿಸಿದ ಚಿತ್ರ ಬೇಡ, ನಾವು ಇರುವ ಹಾಗೇ ತೆಗೆದುಕೊಡಿ ಅನ್ನುತ್ತಾರೆ. ಇರುವ ಹಾಗೆ ಇರುವುದು ಎಷ್ಟು ಕಷ್ಟ ಅಂತ ಅವರಿಗೇನು ಗೊತ್ತು. ವಡಗರದ ಆ ಮೇಷ್ಟರ ಮನೆ, ಬಾಗಿಲು ತೆರೆದಾಗ ಇಸ್ತ್ರಿ ಅಂಗಿ, ಗುಡಿಸಿ ಒರೆಸಿದ ನೆಲ, ಮಗುವಿನ ಕೈಯಲ್ಲಿ ಅದು ಯಾವತ್ತೂ ಮುಟ್ಟಿರದ ಪುಸ್ತಕ, ಅವನು ಏನೂ ಹೇಳದೆ ಮೂಲೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಕೂತ, ಟೀ ಕುಡಿದ, ಕೂತೇ ಇದ್ದ, ಎಷ್ಟು ಹೊತ್ತು ಅಂತ ಡಬ್ಬದ ಪಕ್ಕದ ಮನುಷ್ಯನಿಗೆ ಮರ್ಯಾದೆ ಮಾಡುತ್ತಾರೆ, ಅವನೂ ಒಂದು ಡಬ್ಬವಾದ. ಆಮೇಲೆ ಎಲ್ಲ ತಾನಾಗಿ ಕಳಚಿಕೊಂಡಿತು, ನಿನ್ ಸರದಿ, ಅಲ್ಲ ನಿನ್ ಸರದಿ ಅಂತ ಹೇಲು ತೊಳೆಯುವ ಜಗಳ, ಒಂದು ಕೈಯಲ್ಲಿ ಮಗು ಒಂದು ಕೈಯಲ್ಲಿ ಅನ್ನ ಕಲಸುವ ತಾಯಿ, ಕೊನೆಗೆ ಮೇಷ್ಟರು ನೆಲದ ಮೇಲೆ ಬಾಯಿ ತೆರೆದು ಗೊರಕೆ, ಅವರ ಮೂಗಿನ ಮೇಲೆ ಮಗುವಿನ ಹಿಮ್ಮಡಿ. ಆ ಚಿತ್ರ ನೋಡಿ ಆ ಮನುಷ್ಯ ಅತ್ತರು, ನಾನು ಇವರೊಟ್ಟಿಗೆ ಹೀಗಿದೀನಾ ಅಂತ ಕೇಳಿ ಅತ್ತರು. ಒಂದು ಮಧ್ಯಾಹ್ನದಲ್ಲಿ ಅಪರಿಚಿತರು ಅವನನ್ನು ಮರೆಯುತ್ತಾರೆ, ಇಲ್ಲಿ ಮೂರು ವರ್ಷವಾಯಿತು, ಯಾರೂ ಮರೆಯಲು ತಯಾರಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಅವನಿಗೆ ಹಿತ್ತಲಿಗೆ ಹೋಗಲು ದಾರಿಯೇ ಇಲ್ಲವಲ್ಲ. ತಾನಿಲ್ಲದಾಗ ಮಗಳು ಹೇಗಿರುತ್ತಾಳೆ ಅನ್ನುವುದನ್ನು ತಾನು ಇದ್ದುಕೊಂಡು ನೋಡುವುದು ಹೇಗೆ, ಇದೊಂದು ಪ್ರಶ್ನೆ ಸ್ಟುಡಿಯೋದಲ್ಲಿ, ಸ್ಕೂಟರಿನಲ್ಲಿ, ಜುಮ್ಮಾ ನಮಾಜಿನ ಸಾಲಿನಲ್ಲೂ ತಲೆ ತಿನ್ನುತ್ತಿತ್ತು. ಈಗ ಮರಳಿನ ಲಾರಿ ಅದಕ್ಕೆ ಉತ್ತರ ಕೊಡಲು ಹೊರಟಿದೆ.

ಅಡಿಗೆಮನೆಯ ಹಿಂಬಾಗಿಲು ಅರ್ಧ ತೆರೆದಿದೆ, ಸಂದಿನಲ್ಲಿ ಬಿಸಿಲು, ಅಲ್ಯುಮಿನಿಯಂ ಬೋಗುಣಿಯ ಅಂಚು, ಕಾಲು ನೀಡಿ ಕೂತ ಉಮ್ಮಾಮನ ಒಂದು ಮೊಣಕಾಲು, ರಂಸೀನಳ ಅಜ್ಜಿ ಅವರು, ತೊಂಬತ್ತರ ಹತ್ತಿರ, ಅವರ ಮೊಣಕಾಲನ್ನು ಅವನು ಕಂಡಿದ್ದೇ ಇಲ್ಲ, ಕಾಣಬಾರದು ಕೂಡ, ಮತ್ತೆ ಆ ಮೊಣಕಾಲಿನ ಆಚೆಯಿಂದ ಮೇಲಕ್ಕೆದ್ದು ಬಂತು ಒಂದು ಪಾದ. ಪುಟ್ಟದು, ಎಣ್ಣೆಯಲ್ಲಿ ಮಿರಮಿರ, ಐದು ಬೆರಳೂ ಐದು ದಿಕ್ಕಿಗೆ. ಎದ್ದಿತು, ಗಾಳಿಯನ್ನು ಒದ್ದಿತು, ಮುಳುಗಿತು. ಮುಖ ಕಾಣುವುದಿಲ್ಲ, ಪಾದ ಮಾತ್ರ. ಕ್ಯಾಮೆರಾ ಕಣ್ಣಿಗೆ ಬಂದಿದೆ, ಯಾವಾಗ ಬಂತೋ, ಬೆರಳು ಗುಂಡಿಯ ಮೇಲಿದೆ, ಒತ್ತಿದರೆ ಕೇಳುವುದು ಕಟ್ ಅಂತ ಒಂದು ಸದ್ದು, ಆದರೆ ಒತ್ತಿದರೆ ಇದು ಏನಾಗುತ್ತದೆ, ಮಗಳ ಚಿತ್ರವೋ ಕಳ್ಳನ ಚಿತ್ರವೋ, ಸಂದಿಯಿಂದ ಹೆಣ್ಣುಮಕ್ಕಳ ಸ್ನಾನದ ಜಾಗ ನೋಡುವ ಗಂಡಸಿಗೆ ಊರಲ್ಲಿ ಏನು ಹೆಸರಿದೆ ಅಂತ ಗೊತ್ತಿಲ್ಲವೇ, ಕೆಮ್ಮಿಬಿಡು ಜಂಶೀದ್, ಕೆಮ್ಮಿದರೆ ಮುಗಿಯಿತು, ಕೆಮ್ಮಿದರೆ ಮುಗಿದೇಹೋಯಿತು. ತನ್ನ ಅಪ್ಪನೂ ಕೆಮ್ಮುತ್ತಿದ್ದರು, ಅವರೂ ಅಮ್ಮನ ಮನೆಗೆ ಬರುವ ಪುಯ್ಯಾಪ್ಲನೇ. ಅಪ್ಪ ಅಂದರೆ ಏನು ನೆನಪಿದೆ, ಸಂಜೆಯ ನಮಾಜಾದ ಮೇಲೆ ಮೆಟ್ಟಿಲ ಕೆಳಗೆ ಒಂದು ಕೆಮ್ಮು, ಅಷ್ಟೇ, ಕೇಳಿದ ಕೂಡಲೇ ಗೋಲಿಗಳನ್ನು ಚಾಪೆಯಡಿ ತಳ್ಳಿ ಬೆನ್ನು ನೆಟ್ಟಗೆ ಮಾಡಿ ಪಾಠದ ಪುಸ್ತಕ ತೆರೆಯುತ್ತಿದ್ದದ್ದು, ಅವರು ತಲೆ ಸವರಿ ಓದ್ತಾ ಇದೀಯಾ ಅನ್ನುವುದು, ಇವನು ಹ್ಞೂಂ ಅನ್ನುವುದು. ಗೋಲಿಯಾಟದಲ್ಲಿ ಇಡೀ ಗಲ್ಲಿಯನ್ನು ಸೋಲಿಸುವ ಮಗ ತನಗಿದ್ದ ಅಂತ ಅವರಿಗೆ ಗೊತ್ತೇ ಆಗಲಿಲ್ಲ, ಓದುವ ಹುಡುಗನೊಬ್ಬನ ಪರಿಚಯ ಮಾಡಿಕೊಂಡು ಮಣ್ಣಿಗೆ ಹೋದರು, ಪಾಪ. ಪಾದ ಮತ್ತೆ ಎದ್ದಿತು.

ಸಾಕು ಉಮ್ಮ, ನೀರು ಆರುತ್ತೆ ಅಂತ ತಾಯಿಗೆ ಅನ್ನುತ್ತಿದ್ದಾಳೆ ರಂಸೀನ, ಬಾಯಲ್ಲಿ ಏನೋ ತುಂಬಿಕೊಂಡು, ನಿನ್ನೆಯ ಪತ್ತಿರಿಯನ್ನೇ ನಿಂತುಕೊಂಡು ತಿನ್ನುತ್ತಿರಬೇಕು, ಅವನೆದುರು ಅರ್ಧ ಪತ್ತಿರಿಯನ್ನು ಚಿಟಿಕೆ ಚಿಟಿಕೆ ಮುರಿಯುವವಳು, ಮತ್ತೆ ಅವಳೇ, ಇಲ್ಲ, ಇನ್ನೊಂದ್ಸಲ ಮಾಡಿಬಿಡು, ಆ ಮೂಗಿಂದು ಮರೀಬೇಡ. ಉಮ್ಮಾಮನ ನಡುಗುವ ದನಿ, ಹಿಬಾ, ಸುಮ್ಮನಿರು, ಬಂದ್ರು ನೋಡು, ಯಾರು ಬಂದ್ರು. ಆಮೇಲೆ ಕೆಮ್ಮು. ಎರಡು ಸಣ್ಣ, ಒಂದು ಉದ್ದ, ಕೊನೆಗೆ ಮೂಗಿನಲ್ಲಿ ಒಂದು ಹ್ಞೂಂ, ಅವನದೇ ಕೆಮ್ಮು, ಅವನ ಗಂಟಲಿನಲ್ಲಿ ಕುಳಿತಿರುವ ಅದೇ ಕೆಮ್ಮು, ಕುಂಞಾಮಿನಳ ಗಂಟಲಿನಿಂದ, ಕದದ ಹಿಂದಿನಿಂದ ಮಾತ್ರ ಕೇಳುವ ಆ ಗಂಟಲಿನಿಂದ, ತಪ್ಪಿಲ್ಲದೆ ಬಂತು. ಜಂಶೀದನ ಕಿವಿ ಕಾದವು. ಅಂದರೆ ಹೀಗೆ, ತಾನು ಹೊಸಿಲು ದಾಟಿದ ಮೇಲೆ ಈ ಮನೆಯಲ್ಲಿ ನಡೆಯುವುದು ಇದು, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಮೂರು ವರ್ಷ ಗೌರವದಲ್ಲಿ ಮುಳುಗಿಸಿ ಇಟ್ಟದ್ದು ಇದಕ್ಕೆ, ಸಿಟ್ಟು ಬಂತು, ನಾಚಿಕೆ ಬಂತು, ಎರಡರ ನಡುವೆ ಛೆ, ಮೂಗಿನಿಂದ ಅಂಥ ಸದ್ದು ನಿಜವಾಗಲೂ ಬರುತ್ತದೆಯೇ ಅನ್ನುವ ಕುತೂಹಲವೂ ಬಂತು. ಆದರೆ ಪಾದ. ಕೆಮ್ಮಿಗೆ ಪಾದ ಗಾಳಿಯಲ್ಲೇ ನಿಂತಿತ್ತು. ಒದೆಯುವುದನ್ನು ಬಿಟ್ಟು, ಬೆರಳು ಬಿಚ್ಚಿಕೊಂಡು, ಕಿವಿ ಇರುವ ಪ್ರಾಣಿಯ ಹಾಗೆ ಆಲಿಸುತ್ತ ನಿಂತಿತ್ತು, ಇದು ಹೆದರಿಕೆಯಲ್ಲ, ಹೆದರಿಕೆ ಹೇಗಿರುತ್ತದೆ ಅಂತ ಅವನಿಗೆ ಗೊತ್ತು, ಬೆನ್ನು ನೆಟ್ಟಗಾಗುವುದು ಗೊತ್ತು, ಇದು ಬೇರೆ, ಮುಂದೇನು ಮುಂದೇನು ಅನ್ನುವ ನಿಲುವು, ಮತ್ತೆ ಒಮ್ಮೆಲೇ ಆ ಕೇಕೆ ಒಡೆಯಿತು, ಪಾದ ಹುಚ್ಚಾಗಿ ಒದೆಯಿತು, ನೀರು ಬಾಗಿಲವರೆಗೆ ಸಿಡಿಯಿತು. ಅವರು ಹೋದ್ಮೇಲೆ ದಿನಾ ಇದೇ ಆಗ್ಬೇಕು ಇವಳಿಗೆ, ರಂಸೀನ ಹೇಳುತ್ತಿದ್ದಳು, ಅಪ್ಪನ ಕೆಮ್ಮು ಕೇಳಿಸ್ದೆ ತಲೆಗೆ ನೀರೇ ಹಾಕಿಸ್ಕೊಳ್ಳಲ್ಲ ನೋಡು.

ದಿನಾ. ದಿನಾ ಅಂದಳಲ್ಲ. ತಾನು ಸ್ಟುಡಿಯೋದಲ್ಲಿ ಯಾರದೋ ಗಲ್ಲ ಎತ್ತಿ ಸಹಜವಾಗಿರಿ ಅನ್ನುವ ಹೊತ್ತಿಗೆ ತಾನು ಇಲ್ಲಿಯೂ ಇರುತ್ತೇನೆ, ಎಣ್ಣೆಯ ಬಟ್ಟಲು, ಕಡಲೆಹಿಟ್ಟು, ಬಿಸಿನೀರಿನ ಜೊತೆಗೆ ತಾನೂ ಒಂದು ಸಾಮಾನು, ಕಣ್ಣು ತುಂಬಿ ಕ್ಯಾಮೆರಾದ ಒಳಗಿನ ಬಿಸಿಲು ಕಲಸಿಹೋಯಿತು, ಇದನ್ನು ತೆಗೆಯುವುದು ಹೇಗೆ, ಇದರಲ್ಲಿ ತನ್ನನ್ನು ಎಲ್ಲಿ ನಿಲ್ಲಿಸುವುದು, ಮತ್ತೆ ಬಾಡಿದ ಎಲೆಯ ಹೊಗೆ, ಗಂಟಲಲ್ಲಿ ಕೆರೆತ, ಬೇಡ, ಬೇಡ, ತಡೆಯಲಾಗಲಿಲ್ಲ. ಕೆಮ್ಮಿದ. ಎರಡು ಸಣ್ಣ, ಒಂದು ಉದ್ದ, ಹೌದು, ಮೂಗಿನದೂ ಬಂತು. ಒಳಗೆ ಯಾವುದೋ ಪಾತ್ರೆ ಕಲ್ಲಿನ ಮೇಲೆ ಬಿದ್ದು ಗಿರಗಿರ ತಿರುಗಿ ನಿಂತಿತು. ಯಾ ಅಲ್ಲಾ, ಪುಯ್ಯಾಪ್ಲ ಅಂತ ಅತ್ತೆಯ ಪಿಸುಮಾತು, ಒದ್ದೆ ಕಾಲುಗಳ ಓಟ, ಬಟ್ಟೆಯ ಸರಬರ, ಬಾಗಿಲು ಮುಚ್ಚೇ, ಮುಚ್ಚುವುದು ಹೇಗೆ ಉಮ್ಮಾಮನ ಕಾಲು ಅಡ್ಡ ಇದೆ, ಆಮೇಲೆ ಮೌನ, ಅವನಿಗೆ ಚೆನ್ನಾಗಿ ಗೊತ್ತಿರುವ ಮೌನ, ಎಲ್ಲ ಸರಿಯಾಗುವ ಮೌನ. ಆ ಮೌನದ ನಡುವೆ ಒಂದು ಕೆಮ್ಮು. ತೀರಾ ಸಣ್ಣದು, ಗಂಟಲಿನದಲ್ಲ, ಬಾಯಲ್ಲೇ ಮಾಡಿದ್ದು, ಬೇಕೆಂತಲೇ ಮಾಡಿದ್ದು. ಖುಹ್. ಯಾರೂ ನಗಲಿಲ್ಲ. ಖುಹ್, ಮತ್ತೊಮ್ಮೆ, ಈ ಸಲ ಸ್ವಲ್ಪ ಗಡಸಾಗಿ, ಕೇಳಿಸಲಿಲ್ಲವೇ ಅನ್ನುವ ಹಾಗೆ. ಆಗ ಉಮ್ಮಾಮ, ಇಷ್ಟು ದಿನ ಅವನ ಕಡೆಗೆ ಒಂದು ಮಾತೂ ಆಡದ ಉಮ್ಮಾಮ, ಕಾಲನ್ನೂ ಮಡಿಚದೆ, ಬಾಗಿಲಿನ ಸಂದಿಗೆ ನೇರವಾಗಿ ಹೇಳಿದರು, ಯಾಕೆ ನಿಂತ್ಕೊಂಡೆ ಮಗನೇ, ಮಗು ಕರೀತಾ ಇದೆ ಕೇಳಿಸಲ್ವಾ, ಕೆಮ್ಮು. ಮಗನೇ ಅಂದರು. ಅವನು ಬಾಯಿ ತೆರೆದ. ಬರುತ್ತಿಲ್ಲ. ಕರೆಯದಿದ್ದರೂ ಬರುತ್ತಿದ್ದ ಕೆಮ್ಮು, ಈಗ ಗಂಟಲನ್ನು ಎಷ್ಟು ಒತ್ತಿದರೂ ಬರುತ್ತಿಲ್ಲ, ಕ್ಯಾಮೆರಾ ಕೈಯಿಂದ ಇಳಿದು ಎದೆಗೆ ಬಡಿದು ತೂಗುತ್ತಿದೆ, ಸಂದಿನಲ್ಲಿ ಪಾದ, ಎದ್ದ ಪಾದ, ಇಳಿಯದೆ ನಿಂತ ಪಾದ, ಬೆರಳು ಬಿಚ್ಚಿಕೊಂಡು, ಹಿಮ್ಮಡಿಯಲ್ಲಿ ಎಣ್ಣೆ ಜಾರಿ ಬಂದು ತೊಟ್ಟಾಗಿ, ಬೀಳದೆ, ಆ ಪಾದ —