ರಾಮಿರೊನ ಎಡೆ

"ಕೆಳಗಿಡು ಅದನ್ನ!" ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. ಅಷ್ಟರಲ್ಲಿ ದೆಲ್ಫೀನಾ ಟಿವಿಯ ಮೇಲಿದ್ದ ತಮ್ಮನ ಫೋಟೋ ಎತ್ತಿ ಎದೆಗವಚಿಕೊಂಡಾಗಿತ್ತು.

ವಿಯೆಟ್ನಾಮ್ ಯುದ್ಧಕ್ಕೆ ಹೋದ ರಾಮಿರೊ ಕಾಣೆಯಾಗಿದ್ದಾನೆಂದು ಸೈನ್ಯದವರು ತಿಳಿಸಿ ವರ್ಷಗಳೇ ಉರುಳಿದ್ದವು. ಸತ್ತನೆಂದು ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಅಷ್ಟು ಸಾಕಿತ್ತು. ಪ್ರತಿ ನವೆಂಬರಿನಲ್ಲಿ, ಸತ್ತವರು ಮನೆಗೆ ಬರುವ ಮೆಕ್ಸಿಕನ್ ಹಬ್ಬದಂದು, ಅವಳು ಪೀಠ ಕಟ್ಟಿ, ಚೆಂಡುಹೂ ಹರಡಿ, ಗಂಡ, ಅತ್ತೆ, ಮಾವ ಎಲ್ಲರ ಫೋಟೋ ಇಟ್ಟು ಎಡೆ ಬಡಿಸುತ್ತಿದ್ದಳು. ಮಗನ ಫೋಟೋ ಮಾತ್ರ ಬದುಕಿರುವವರ ಜೊತೆ ಟಿವಿಯ ಮೇಲೆ. ಬದುಕಿರುವವರನ್ನು ಪೀಠಕ್ಕೆ ಏರಿಸಬಾರದೆಂದು ಈಸ್ಟ್ ಲಾಸ್ ಏಂಜಲಿಸಿನ ಕೂಸಿಗೂ ಗೊತ್ತು.

ಅಮ್ಮನಿಂದ ಕಲಿತ ಪೀಠ ಕಟ್ಟುವ ವಿದ್ಯೆಯಲ್ಲೇ ದೆಲ್ಫೀನಾ ಹೆಸರು ಮಾಡಿದ್ದಳು. ಬೀದಿ, ಚರ್ಚಿನ ಹಜಾರ, ಪುಟ್ಟ ಗ್ಯಾಲರಿಗಳಲ್ಲಿ ಕಟ್ಟಿ ಪಳಗಿದವಳನ್ನು ಈಗ ದೊಡ್ಡ ಮ್ಯೂಸಿಯಂ ಕರೆದಿತ್ತು. ಕಟ್ಟಿದರೆ ತಮ್ಮನಿಗೇ ಕಟ್ಟುವೆನೆಂದು ಹಟ ಹಿಡಿದಿದ್ದಳು.

"ಹೆಸರಿನ ಹುಚ್ಚಿಗೆ ನನ್ನ ಮಗನ್ನ ಸಾಯಿಸ್ತೀಯೇನೇ?"

ಮಾತು ಚುಚ್ಚಿತು. ಅದರಲ್ಲಿ ಒಂದೆಳೆ ನಿಜ ಇದ್ದುದರಿಂದ ಇನ್ನೂ ಆಳಕ್ಕೆ ಚುಚ್ಚಿತು.

"ಬದುಕಿದ್ರೆ ಬಂದು ನನ್ನ ಜುಟ್ಟು ಹಿಡಿದು ಬೈಲಿ, ಅಮ್ಮಾ. ಸತ್ತಿದ್ರೆ? ವರ್ಷಾ ವರ್ಷಾ ಅಪ್ಪ, ಅಜ್ಜಿ ಎಲ್ಲ ಒಳಗೆ ಬಂದು ಉಣ್ತಾರೆ. ಅವನೊಬ್ಬ ಹಸ್ಕೊಂಡು ಬಾಗಿಲಲ್ಲೇ ನಿಂತಿರ್ತಾನೆ. ಯಾರೂ ಕರೆದಿಲ್ವಲ್ಲ!"

ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ದೆಲ್ಫೀನಾ ಫೋಟೋ ಹಿಡಿದು ಹೊರಟೇಬಿಟ್ಟಳು.

ಆಮೇಲೆ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಪ್ರದರ್ಶನದ ದಿನ ದೆಲ್ಫೀನಾ ಬೆಳಗಿನಿಂದ ಹೊಟ್ಟೆಗೇನೂ ಹಾಕದೆ, ಮ್ಯೂಸಿಯಂನ ಹಜಾರದಲ್ಲಿ ಏಣಿ ಹತ್ತಿ ಕಾಗದದ ತೋರಣ ಕಟ್ಟುತ್ತಿದ್ದಳು. ನೋಡಿದರೆ ಬಾಗಿಲಲ್ಲಿ ಅಮ್ಮ! ಏಪ್ರನ್ ಕೂಡ ಬಿಚ್ಚಿರಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಫೋಟೋ ಕಿತ್ತುಕೊಳ್ಳಲು ಬಂದಳೆಂದೇ ಎಣಿಸಿ ದೆಲ್ಫೀನಾ ದಡಬಡನೆ ಇಳಿದು ಪೀಠಕ್ಕೆ ಅಡ್ಡ ನಿಂತಳು.

"ಜರುಗೇ ಪಕ್ಕಕ್ಕೆ."

ಆ ದನಿಗೆ ದೆಲ್ಫೀನಾ ಜರುಗಿದಳು. ಅಮ್ಮ ಮುಚ್ಚಳ ತೆಗೆದಳು. ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು. ಮಾಂಸ, ಕೆಂಪು ಮೆಣಸಿನಕಾಯಿಯ ಘಮ ಹಜಾರವನ್ನೆಲ್ಲ ತುಂಬಿತು. ಮುನಿಸು ಮರೆತು ತನಗೆ ಬುತ್ತಿ ತಂದಿದ್ದಾಳೆ, ಎಷ್ಟಾದರೂ ಹೆತ್ತ ಕರುಳು ಎಂದುಕೊಂಡ ದೆಲ್ಫೀನಾ ಕೈಚಾಚಿದಳು.

ಅಮ್ಮ ಕೈಮೇಲೆ ಪಟ್ಟನೆ ಹೊಡೆದಳು.

"ಮುಟ್ಟಬೇಡ. ನಿನ್ನ ತಮ್ಮ ಇನ್ನೂ ಉಂಡಿಲ್ಲ."

ಒಂದೊಂದೇ ತಮಾಲೆ ತಟ್ಟೆಗಿಟ್ಟು, ತಟ್ಟೆಯನ್ನು ಫೋಟೋದ ಹತ್ತಿರಕ್ಕೆ ಸರಿಸಿದಳು. ಬಿಸಿ ಹಬೆಗೆ ಗಾಜು ಮಸುಕಾಯಿತು. ಏಪ್ರನ್ನಿನ ಅಂಚಿನಿಂದ ಒರೆಸಿದಳು. ಮತ್ತೆ ಮಸುಕಾಯಿತು, ಮತ್ತೆ ಒರೆಸಿದಳು.